ತಡವಾಗಿ ಬಂದವರ ಭಾನುವಾರ

ಓದು ಬಿಟ್ಟು ಐದಾರು ವರ್ಷವಾದ ಮೇಲೆ ಮತ್ತೆ ಡಿಗ್ರಿಗೆ ಹೆಸರು ಹಚ್ಚಬೇಕೆನ್ನುವವರು ಮೊದಲು ಹೋಗುವುದು ಕಾಲೇಜಿಗಲ್ಲ, ಝೆರಾಕ್ಸ್ ಅಂಗಡಿಗೆ. ಹಾಗಾಗಿ ಅಂಥವರನ್ನು ಕಾಣಲು, ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ನಾನೂ ಅಲ್ಲಿಂದಲೇ ಹೊರಟೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಯಂತ್ರ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಪಹಣಿ, ಜಾತಿ-ಆದಾಯ, ಪಾನ್ ಕಾರ್ಡ್ ಎಂಬ ಸಾಲು. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಕಾಲೇಜ್ ಅಡ್ಮಿಷನ್. ನಾನು ನಿಂತಿದ್ದಾಗಲೇ ಒಬ್ಬ ಹೆಣ್ಣುಮಗಳು ಬಂದು ಪ್ಲಾಸ್ಟಿಕ್ ಚೀಲದಿಂದ ಅಂಕಪಟ್ಟಿಗಳನ್ನು ತೆಗೆದಳು. ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿದ್ದವು.

“ಅಕ್ಕಾರ, ಟಿಸಿ ಎಲ್ಲೈತ್ರಿ?” ಅಂಗಡಿ ಹುಡುಗ ಕೇಳಿದ.

“ಕಾಲೇಜಿನಾಗ ಇರಬೇಕಪಾ. ಮದಿವಿ ಆದ ಮ್ಯಾಲೆ ಆ ಕಡಿ ಹೋಗೇ ಇಲ್ಲ.”

ಹುಡುಗ ಆಶ್ಚರ್ಯಪಡಲಿಲ್ಲ. ಅವನಿಗೆ ಇದು ದಿನದ ಮಾತಿರಬೇಕು. ಟಿಸಿ ಬೇಕು, ಬೇರೆ ವಿಶ್ವವಿದ್ಯಾಲಯದಲ್ಲಿ ಅರ್ಧ ಓದಿದ್ದರೆ ಮೈಗ್ರೇಷನ್ ಬೇಕು, ನಡುವೆ ಓದು ನಿಂತಿದ್ದಕ್ಕೆ ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಕೇಳಿದರೆ ಅದೂ ಬೇಕು ಎಂದು ಬೆರಳು ಮಡಚಿ ಹೇಳಿದ. ಆ ಅಫಿಡವಿಟ್ಟಿನ ಒಂದು ನಮೂನೆ ಅವನ ಕಂಪ್ಯೂಟರಿನಲ್ಲೇ ಇತ್ತು, ಬಗ್ಗಿ ಓದಿದೆ. ಈ ಅವಧಿಯಲ್ಲಿ ಬೇರೆಲ್ಲೂ ಓದಿಲ್ಲ, ಯಾವ ಕೋರ್ಸಿಗೂ ಸೇರಿಲ್ಲ ಎಂಬ ಒಕ್ಕಣೆ. ಎರಡು ಹೆರಿಗೆ, ಹತ್ತಿ ಬಿಡಿಸಿದ ಹಂಗಾಮುಗಳು, ಬೆಂಗಳೂರಿಗೆ ಗುಳೆ ಹೋಗಿ ಬಂದದ್ದು, ಇವಕ್ಕೆಲ್ಲ ಅದರಲ್ಲಿ ಜಾಗವಿಲ್ಲ. ಮಾಡದೇ ಇದ್ದುದನ್ನಷ್ಟೇ ಬರೆಯಬೇಕು.

ಅಲ್ಲಿಂದ ಬಸ್ಸು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ಹತ್ತಿ, ತೊಗರಿ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿದ 39 ತಾಲೂಕುಗಳಲ್ಲಿ ದೇವದುರ್ಗವೂ ಒಂದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 49ರ ಆಸುಪಾಸಿನಲ್ಲೇ ನಿಂತಿತ್ತು. ಅಂಥ ಕಡೆ ಪಿಯುಸಿ ಮುಗಿಸಿ ನಿಲ್ಲಿಸಿದವಳು ಓದಿನಲ್ಲಿ ಹಿಂದೆ ಬಿದ್ದವಳಲ್ಲ, ಊರಿಗಿಂತ ಎಷ್ಟೋ ಮುಂದಿದ್ದವಳು. ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ತವರಿಗೆ ಹೊರಟವರೋ, ದವಾಖಾನೆಗೋ, ತರಗತಿಗೋ, ಚೀಲ ನೋಡಿ ಹೇಳಲು ಬರುವುದಿಲ್ಲ. ಕಂಡಕ್ಟರ್ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಡುತ್ತ ಹೋದ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಈ ಯೋಜನೆಯ ಬಗ್ಗೆ ಏನೇ ತಕರಾರಿರಲಿ, ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ ಓದಲು ಹೋಗಬಹುದು ಎಂಬುದು ಯಾವ ವಿದ್ಯಾರ್ಥಿವೇತನಕ್ಕೂ ಕಡಿಮೆಯಲ್ಲ ಅಂತ ನನಗನಿಸುತ್ತದೆ.

ಇನ್ನು ಕಾಲೇಜು. ಹೆಸರು ಬೇಡ, ವಾರವೆಲ್ಲ ರೆಗ್ಯುಲರ್ ಹುಡುಗರು ಓದಿ, ಭಾನುವಾರ ದೂರಶಿಕ್ಷಣದವರಿಗೆ ಬಿಟ್ಟುಕೊಡುವ ಇಂಥ ಕಟ್ಟಡಗಳು ಈ ಸೀಮೆಯಲ್ಲಿ ಅಪರೂಪವೇನಲ್ಲ. ಗೇಟಿನೊಳಗೆ ಬೇವಿನ ಮರದ ಕೆಳಗೆ ಬೈಕುಗಳು. ಒಂದರ ಹ್ಯಾಂಡಲಿಗೆ ಮಗುವಿನ ಕುಲಾಯಿ ಸಿಕ್ಕಿಸಿತ್ತು, ಇನ್ನೊಂದರ ಹಿಂದೆ ಗೊಬ್ಬರದ ಖಾಲಿ ಚೀಲ ಕಟ್ಟಿತ್ತು. ವಾಪಸು ಹೋಗುವಾಗ ಸಂತೆಯದೋ ಅಂಗಡಿಯದೋ ಕೆಲಸ ಇದ್ದೀತು.

ವರಾಂಡದಲ್ಲಿ ನೋಟಿಸ್ ಬೋರ್ಡು. ಇಲ್ಲಿ ಸ್ವಲ್ಪ ಹೊತ್ತು ನಿಂತೆ. ಒಂದರ ಮೇಲೊಂದು ಅಂಟಿಸಿದ ಹಾಳೆಗಳ ಅಂಚು ಎದ್ದು ಹಳೆಯ ವೇಳಾಪಟ್ಟಿಗಳೂ ಇಣುಕುತ್ತಿದ್ದವು. ತಡವಾಗಿ ಮರಳುವವರಿಗೆ ನಿಜವಾದ ಗೋಜಲು ಈ ಪದರುಗಳಲ್ಲಿದೆ. ಹಿಂದೆ ವರ್ಷಕ್ಕೊಂದು ಪರೀಕ್ಷೆ, ಆಮೇಲೆ ಸೆಮಿಸ್ಟರ್. 2021-22ರಲ್ಲಿ ರಾಜ್ಯದ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಡಿಗ್ರಿ ನಾಲ್ಕು ವರ್ಷದ ಲೆಕ್ಕಕ್ಕೆ ಹೋಯಿತು. 2024-25ರಿಂದ ಮತ್ತೆ ಮೂರು ವರ್ಷ. ಎರಡು ಪೇಪರ್ ಉಳಿಸಿಕೊಂಡು ಮನೆ ಸೇರಿದವನು ಮರಳಿ ಬಂದರೆ ಆ ಪೇಪರೇ ಇರುವುದಿಲ್ಲ, ಅದಕ್ಕೆ ಸಮಾನವಾದದ್ದು ಯಾವುದೆಂದು ಹುಡುಕಬೇಕು. ಹದಿನೆಂಟರ ಹುಡುಗರಿಗೆ ಒಂದೇ ಸಿಲೆಬಸ್ಸು ಗೊತ್ತು. ಇವರು ಎರಡು ಮೂರು ದಾಟಿ ಬಂದವರು.

ಬೋರ್ಡಿನ ಮುಂದೆ ನನ್ನ ಪಕ್ಕದಲ್ಲಿ ನಿಂತಿದ್ದವರಿಗೆ ನಲವತ್ತರ ಸಮೀಪ. ನನ್ನನ್ನು ಇಲ್ಲಿಯ ಮೇಷ್ಟ್ರೆಂದು ತಿಳಿದರೋ ಏನೋ, “ಈ ಕೋರ್ಸಿಗೆ ಮಾನ್ಯತೆ ಐತೇನ್ರಿ ಸರ?” ಎಂದರು. ಫೀಜು ಎಷ್ಟು ಎಂದಲ್ಲ, ಕಷ್ಟವೇ ಎಂದಲ್ಲ. ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯಿದೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಬೇರಿನಿಂದ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಕೆಲಸ ಮಾಡುತ್ತಲೇ ಓದಿದ ಎಷ್ಟೋ ಜನರಿಗೆ ಅದೊಂದೇ ದಾರಿ. 2012-13ರ ಆಚೆಗೆ ಅದರ ಕೋರ್ಸುಗಳಿಗೆ ಮಾನ್ಯತೆಯಿಲ್ಲ ಎಂದು ಯುಜಿಸಿ 2015ರಲ್ಲಿ ಹೇಳಿತು. 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು, ಆದರೆ ಆ ನಡುವೆ ಸೇರಿದವರು ವರ್ಷಗಟ್ಟಲೆ ತೂಗಾಡಿದರು. ಇವರೂ ಅವರಲ್ಲೊಬ್ಬರೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ತರಗತಿಯೊಳಗೆ ಕೊನೆಯ ಬೆಂಚಿನಲ್ಲಿ ಕೂತೆ. ಬೆಂಚು ಮತ್ತು ಡೆಸ್ಕು ಒಂದಕ್ಕೊಂದು ಬೆಸುಗೆ ಹಾಕಿದವು. ಹೊಟ್ಟೆ ಬಂದ ಗಂಡಸರು ಓರೆಯಾಗಿ ಕೂತಿದ್ದರು. ಪಾಠ ಇತಿಹಾಸದ್ದು. ಪಾಠ ಹೇಳುವವನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಎದುರು ಕೂತವರಲ್ಲಿ ಹಲವರನ್ನು ಆತ ‘ಸರ್’, ‘ಮೇಡಂ’ ಎಂದೇ ಕರೆಯುತ್ತಿದ್ದ, ಅವರೂ ಆತನನ್ನು ಹಾಗೇ. ಇದರಲ್ಲಿ ಯಾರಿಗೂ ಮುಜುಗರ ಕಾಣಲಿಲ್ಲ. ಮಸ್ಕಿಯ ಅಶೋಕನ ಶಾಸನ ಬಂದಾಗ ಮೂರು ಜನ ಒಟ್ಟಿಗೆ ಮಾತಾಡಿದರು. ಅವರಲ್ಲಿ ಒಬ್ಬರು ಬಸ್ ಓಡಿಸುವವರು, ದಿನಾ ಆ ಊರು ದಾಟುವವರು. ರೆಗ್ಯುಲರ್ ತರಗತಿಯಲ್ಲಿ ಇಂಥ ಗದ್ದಲ ನಾನು ಕೇಳಿದ್ದು ಕಡಿಮೆ. ಒಬ್ಬ ತಾಯಿಯ ಪಕ್ಕ ಕೂತಿದ್ದ ಹುಡುಗಿ ಮಾತ್ರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬಸ್ಸಿನ ಚಿತ್ರ ಬರೆಯುತ್ತಿದ್ದಳು.

ಯಾಕೆ ಬಂದಿರಿ ಎಂದು ಬಿಡುವಿನಲ್ಲಿ ಕೇಳಿದೆ. ಅಂಗನವಾಡಿ ಕಾರ್ಯಕರ್ತೆಯೊಬ್ಬರಿಗೆ ಮೇಲ್ವಿಚಾರಕಿ ಆಗಬೇಕು, ಅದಕ್ಕೆ ಡಿಗ್ರಿ ಬೇಕು. ಇನ್ನಿಬ್ಬರ ಲೆಕ್ಕ ಸಂವಿಧಾನದ 371(ಜೆ) ವಿಧಿ: ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಇಲ್ಲಿಯವರಿಗೇ ಮೀಸಲು, ಪದವಿಯಿಲ್ಲದೆ ಅದರಲ್ಲಿ ಎಷ್ಟೋ ಹುದ್ದೆಗೆ ಅರ್ಜಿಯನ್ನೇ ಹಾಕಲಾಗದು. ಒಬ್ಬಾಕೆ ಮಾತ್ರ, “ನೌಕರಿ ಏನ್ ಬರಲ್ರಿ. ಅರ್ಧಕ್ಕ ಬಿಟ್ಟಿದ್ದು ಮನಸಿನಾಗ ಚುಚ್ಚತಿತ್ತು” ಎಂದರು. ಬೇರೆಯವರಿಗೂ ಇದೇ ಇದ್ದು, ಹೇಳಲು ಹುದ್ದೆಯ ಕಾರಣ ಸುಲಭ ಎನಿಸಿರಬಹುದು. ಊಹೆ ಅಷ್ಟೇ.

ಮಧ್ಯಾಹ್ನ ಕಟ್ಟಡ ಸುತ್ತಿದೆ. ಗ್ರಂಥಾಲಯಕ್ಕೆ ಕೀಲಿ. ಕಚೇರಿಯ ಕಿಟಕಿ ಮುಚ್ಚಿದೆ. ಅಂಕಪಟ್ಟಿ ತಿದ್ದುಪಡಿಗೆ, ಫೀಜಿನ ರಸೀದಿಗೆ ಬೇರೆ ದಿನ ಬರಬೇಕು, ಅಂದರೆ ಒಂದು ದಿನದ ರಜೆ ಇಲ್ಲವೇ ಕೂಲಿ ಹೋಯಿತು. ಹೆಣ್ಣುಮಕ್ಕಳ ಶೌಚಾಲಯಕ್ಕೂ ಕೀಲಿ. ಕೀಲಿಕೈ ಇರುವವರನ್ನು ಇಬ್ಬರು ಹುಡುಕುತ್ತ ತಿರುಗಾಡಿದ್ದನ್ನು ಕಂಡೆ, ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಕುಡಿಯುವ ನೀರಿನ ಯಂತ್ರ ಮಾತ್ರ ನಡೆಯುತ್ತಿತ್ತು. ಊಟಕ್ಕೆ ಗೇಟಿನಾಚೆ ತಳ್ಳುಗಾಡಿಯ ಒಗ್ಗರಣಿ, ಮಿರ್ಚಿ. ಬುತ್ತಿ ತಂದವರು ಮೆಟ್ಟಿಲ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡರು. ನನಗೂ ಒಂದು ರೊಟ್ಟಿ ಬಂತು.

ಮಧ್ಯಾಹ್ನದ ಪಾಠ ಮುಗಿಯುವ ಮೊದಲೇ ಹಿಂದಿನ ಬೆಂಚುಗಳು ಖಾಲಿಯಾದವು. ಬೇಸರವಾಗಿ ಎದ್ದವರಲ್ಲ, ಜಾಲಹಳ್ಳಿ ಕಡೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಿಗೆ. ಪಾಠ ಹೇಳುವವನೂ ತಡೆಯಲಿಲ್ಲ, ಉಳಿದದ್ದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆಂದ.

ತಡವಾಗಿ ಓದಲು ಬರುವವರಿಗೆ ವಯಸ್ಸು ಅಡ್ಡಿ ಎನ್ನುವ ಮಾತನ್ನು ಈ ಕಟ್ಟಡ ನೋಡಿದ ಮೇಲೆ ಒಪ್ಪುವುದು ನನಗೆ ಕಷ್ಟ. ಅಡ್ಡಿ ಇರುವುದು ಟಿಸಿಯಲ್ಲಿ, ಬಸ್ಸಿನ ವೇಳೆಯಲ್ಲಿ, ಭಾನುವಾರ ಮುಚ್ಚಿದ ಮೂರು ಬಾಗಿಲುಗಳಲ್ಲಿ. ಬಾಗಿಲು ತೆರೆಯಲು ಹೊಸ ಯೋಜನೆ ಬೇಡ, ಒಬ್ಬ ಸಿಬ್ಬಂದಿ ಸಾಕು. ಹೆಸರು ಹಚ್ಚುವ ಮನಸ್ಸಿದ್ದವರು ತಾವು ಸೇರುವ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲಿ ನೋಡಿಕೊಳ್ಳಿ. ಹಳೆಯ ಕಾಲೇಜಿನಿಂದ ಟಿಸಿಯನ್ನು ಅರ್ಜಿ ಕರೆಯುವ ಮೊದಲೇ ಬಿಡಿಸಿಟ್ಟುಕೊಳ್ಳಿ.