ವಸಿಯ್ಯತ್ತಿನ ಜಗಳ ಮುಗಿಯುವ ತನಕ ಮಗುವಿನ ಫೀಸು ಕಾಯಬೇಕೇ?

ಮನೆಯ ಯಜಮಾನ ತೀರಿಕೊಂಡು ತಿಂಗಳು ಕಳೆಯುವುದರೊಳಗೆ ಕೆಲವು ಮನೆಗಳಲ್ಲಿ ಒಂದು ಕಾಗದ ಹೊರಬರುತ್ತದೆ. ಸ್ಟಾಂಪ್ ಪೇಪರೋ, ಡೈರಿಯ ಹಾಳೆಯೋ, ಈಗೀಗ ಆಸ್ಪತ್ರೆಯ ಬೆಡ್ಡಿನ ಪಕ್ಕ ಮೊಬೈಲಿನಲ್ಲಿ ಮಾಡಿದ ವಿಡಿಯೊವೋ. ಅಂಗಡಿ ತಮ್ಮನಿಗೆ, ತೋಟ ಅಕ್ಕನ ಮಗನಿಗೆ ಅಂತ ಅದರಲ್ಲಿರುತ್ತದೆ. ಒಬ್ಬರು ಸರಿ ಅನ್ನುತ್ತಾರೆ, ಇನ್ನೊಬ್ಬರು ಸಹಿ ನಕಲಿ ಅನ್ನುತ್ತಾರೆ. ವಿಷಯ ಜಮಾಅತಿಗೆ, ಅಲ್ಲಿಂದ ಕೋರ್ಟಿಗೆ. ಅಷ್ಟರಲ್ಲಿ ಜೂನ್ ಬಂದು ಶಾಲೆಯವರು ಫೀಸು ಕೇಳುತ್ತಾರೆ. ಬಾಡಿಗೆ ಮಾತ್ರ ಬೀಗದ ಕೀ ಇಟ್ಟುಕೊಂಡವರ ಕೈಯಲ್ಲಿ. ಉಮ್ಮ ಹೋಗಿ ಕೇಳಿದರೆ ಸಿಗುವ ಉತ್ತರ, "ಕೇಸು ಮುಗೀಲಿ, ಆಮೇಲೆ ನೋಡುವ."

ಈ ಉತ್ತರಕ್ಕೆ ಶರೀಅತ್ತಿನಲ್ಲೂ ಆಧಾರ ಇಲ್ಲ, ಕೋರ್ಟಿನಲ್ಲೂ ಇಲ್ಲ. ಯಾಕೆಂದರೆ ವಸಿಯ್ಯತ್ ಎಷ್ಟೇ ಗಟ್ಟಿಯಾಗಿದ್ದರೂ ಅದು ಮುಟ್ಟುವುದು ಆಸ್ತಿಯ ಮೂರನೇ ಒಂದನ್ನು ಮಾತ್ರ. ಅದಕ್ಕಿಂತ ಹೆಚ್ಚಾಗಬೇಕಾದರೆ ವಾರಸುದಾರರು ಒಪ್ಪಬೇಕು. ಅಪ್ರಾಪ್ತ ಮಗುವಿನ ಒಪ್ಪಿಗೆಗೆ ಬೆಲೆಯೇ ಇಲ್ಲ. ಅಂದರೆ ಜಗಳ ಇರುವುದು ಒಂದು ಭಾಗದ ಬಗ್ಗೆ, ತಡೆದಿಟ್ಟಿರುವುದು ಮೂರೂ ಭಾಗವನ್ನು.

ಲೆಕ್ಕ ಹಾಕಿಯೇ ನೋಡುವ. ಒಬ್ಬರು 60 ಲಕ್ಷದ ಆಸ್ತಿ ಬಿಟ್ಟು ಹೋದರು ಅಂತ ಇಟ್ಟುಕೊಳ್ಳಿ. ಕಫನ್ ದಫನ್ ಖರ್ಚು, ಸಾಲ, ಕೊಡದೆ ಉಳಿದ ಮಹರ್ ಎಲ್ಲ ಸೇರಿ 6 ಲಕ್ಷ. ಮಹರ್ ಕೂಡ ಸಾಲವೇ, ವಸಿಯ್ಯತ್ತಿಗಿಂತ ಮೊದಲು ತೀರಬೇಕಾದದ್ದು. ಇದನ್ನು ಮರೆಯುವವರೇ ಜಾಸ್ತಿ. ಉಳಿದ 54 ಲಕ್ಷದಲ್ಲಿ ಮೂರನೇ ಒಂದು 18 ಲಕ್ಷ. ಕಾಗದ ಪೂರ್ತಿ ಸರಿ ಅಂತಲೇ ತೀರ್ಮಾನವಾಗಲಿ, ಹೋಗುವುದು ಅಷ್ಟೇ. ಮಿಕ್ಕ 36 ಲಕ್ಷದಲ್ಲಿ ಹೆಂಡತಿಗೆ ಎಂಟನೇ ಒಂದು, ನಾಲ್ಕೂವರೆ ಲಕ್ಷ. ತೀರಿಕೊಂಡವರ ಉಮ್ಮ ಇದ್ದರೆ ಆರನೇ ಒಂದು, 6 ಲಕ್ಷ. ಬಾಪ ಮೊದಲೇ ತೀರಿಕೊಂಡಿದ್ದರೆ ಬಾಕಿ ಇಪ್ಪತ್ತೈದೂವರೆ ಲಕ್ಷವೂ ಮಕ್ಕಳದ್ದು. ಒಬ್ಬ ಮಗ, ಒಬ್ಬಳು ಮಗಳು ಇದ್ದರೆ 17 ಮತ್ತು ಎಂಟೂವರೆ. ಕೇಸು ಯಾರೇ ಗೆಲ್ಲಲಿ, ಇದಕ್ಕಿಂತ ಕಡಿಮೆಯಾಗುವುದಿಲ್ಲ. ಇಷ್ಟು ಹಣದ ಮಕ್ಕಳು ಫೀಸಿಗಾಗಿ ಮನೆ ಮನೆ ಅಲೆಯುವುದು ಯಾವ ನ್ಯಾಯ?

ಇನ್ನೊಂದು ಸೂಕ್ಷ್ಮ ಇದೆ. ಗಂಡು ಮಗ ಇದ್ದರೆ ತೀರಿಕೊಂಡವರ ತಮ್ಮ ವಾರಸುದಾರನಲ್ಲ, ಆದ್ದರಿಂದ ಅವನ ಹೆಸರಿಗೆ ಮೂರನೇ ಒಂದರೊಳಗೆ ಬರೆದದ್ದು ನಡೆಯುತ್ತದೆ. ಹೆಣ್ಣು ಮಕ್ಕಳು ಮಾತ್ರ ಇದ್ದು ಬಾಪನೂ ಇಲ್ಲದಿದ್ದರೆ ತಮ್ಮ ತಾನೇ ವಾರಸುದಾರನಾಗುತ್ತಾನೆ. ವಾರಸುದಾರನಿಗೆ ಬರೆದ ವಸಿಯ್ಯತ್ ಉಳಿದವರು ಒಪ್ಪದೆ ಊರ್ಜಿತವಾಗದು. ಹೆಣ್ಣು ಮಕ್ಕಳಷ್ಟೇ ಇರುವ ಮನೆಯಲ್ಲಿ ಚಿಕ್ಕಪ್ಪ ಕಾಗದ ಹಿಡಿದು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಸಹಿ ಅಸಲಿಯೋ ನಕಲಿಯೋ ಅಂತ ಅಲ್ಲ, ಇದು.

ಸಹಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನದಲ್ಲಿ, ಉಮ್ಮ ಮನೆಯೊಳಗೆ ಇರುವಾಗಲೇ, "ಇಲ್ಲೊಂದು ಸೈನ್ ಹಾಕು" ಅಂತ ಕಾಗದ ಬರುತ್ತದೆ. ಹಕ್ಕು ಬಿಡುಗಡೆ ಪತ್ರ ಇರಬಹುದು, ಗಲ್ಫ್ ಕಂಪೆನಿಯ ಬಾಕಿ ಸಂಬಳ ಪಡೆಯಲು ಮುಖ್ತ್ಯಾರ್ ನಾಮೆ ಇರಬಹುದು. ಓದದೆ ಹಾಕಬೇಡಿ. ಅದರಿಂದ ನಿಮ್ಮ ಪಾಲು ಹೋಗಬಹುದು. ಮಗುವಿನ ಪಾಲು ಮಾತ್ರ ಹೋಗುವುದಿಲ್ಲ. ಕೋರ್ಟಿನ ಅಧಿಕಾರ ಇಲ್ಲದೆ ಉಮ್ಮನೋ ಅಣ್ಣನೋ ಚಿಕ್ಕಪ್ಪನೋ ಅಪ್ರಾಪ್ತರ ಸ್ಥಿರಾಸ್ತಿ ಮಾರಿದರೆ, ಬಿಟ್ಟುಕೊಟ್ಟರೆ ಅದು ಅಸಿಂಧು ಅಂತ 1918ರಲ್ಲೇ ಇಮಾಂಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. 1952ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಣ್ಣ ಸಹಿ ಹಾಕಿದ ಕುಟುಂಬದ ಒಪ್ಪಂದವನ್ನು ಇದೇ ಕಾರಣಕ್ಕೆ ತಳ್ಳಿಹಾಕಿತು.

ಇದೇ ನಿಯಮದ ಇನ್ನೊಂದು ಮುಖ ಉಮ್ಮಂದಿರಿಗೆ ಕಹಿ. ಮಗು ಉಮ್ಮನ ಮಡಿಲಲ್ಲಿದ್ದರೂ ಮಗುವಿನ ಆಸ್ತಿಗೆ ಅವಳು ತಾನಾಗಿ ಪೋಷಕಿಯಲ್ಲ. ಬಾಪ, ಬಾಪ ನೇಮಿಸಿದವರು, ಬಾಪನ ಬಾಪ, ಅವರು ನೇಮಿಸಿದವರು, ಇಷ್ಟೇ ಸಾಲು. ಚಿಕ್ಕಪ್ಪ ದೊಡ್ಡಪ್ಪಂದಿರೂ ಆ ಸಾಲಿನಲ್ಲಿಲ್ಲ ಅನ್ನುವುದನ್ನು ಅವರು ಸಾಮಾನ್ಯವಾಗಿ ಹೇಳುವುದಿಲ್ಲ! ಆದ್ದರಿಂದ ಉಮ್ಮ ಮಾಡಬೇಕಾದ ಮೊದಲ ಕೆಲಸ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕುವುದು, ಮಗುವಿನ ಆಸ್ತಿಗೆ ತನ್ನನ್ನು ಪೋಷಕಿಯಾಗಿ ನೇಮಿಸಿ ಅಂತ. ಆ ಅರ್ಜಿ ಮುಗಿಯುವ ಮೊದಲೇ ಮಗುವಿನ ಆಸ್ತಿಯ ರಕ್ಷಣೆಗೆ ಮಧ್ಯಂತರ ಆದೇಶ ಕೊಡಲು 12ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ವಕಾಲತ್ತಿಗೆ ಮನೆಯಲ್ಲೇ ಸಹಿ ಹಾಕಬಹುದು, ಇದ್ದತ್ ಮುಗಿಯುವುದನ್ನು ಕಾಯಬೇಕಾಗಿಲ್ಲ.

ಎರಡನೆಯದು, ಪಾಲಿನ ದಾವೆ ನಡೆಯುತ್ತಿದ್ದರೆ ಅದರಲ್ಲೇ ಮಧ್ಯಂತರ ಅರ್ಜಿ. ಏನು ಕೇಳಬೇಕು ಅಂತ ಸ್ಪಷ್ಟ ಇರಲಿ. ಅಂಗಡಿ ಬಾಡಿಗೆ, ಅಡಿಕೆ ಮಾರಿದ ಹಣ ಕೋರ್ಟಿನಲ್ಲಿ ಠೇವಣಿಯಾಗಲಿ, ಅಥವಾ ರಿಸೀವರ್ ನೇಮಕವಾಗಲಿ, ಅದರಿಂದ ಮಗುವಿನ ಫೀಸು, ಮದ್ದು, ಮನೆ ಖರ್ಚಿಗೆ ತಿಂಗಳಿಗೆ ಇಷ್ಟು ಬಿಡುಗಡೆಯಾಗಲಿ, ಅಂತಿಮ ಪಾಲಿನಲ್ಲಿ ಅದನ್ನು ಕಳೆದುಕೊಳ್ಳಲಿ ಅಂತ. ಮಗುವಿಗೆ ಖಂಡಿತ ಬರುವ ಪಾಲು ಎಷ್ಟು ಅನ್ನುವ ಲೆಕ್ಕ, ಮೇಲೆ ಹಾಕಿದ ಹಾಗೆ, ಅರ್ಜಿಯ ಜೊತೆ ಇರಬೇಕು. ಶಾಲೆಯ ಬಾಕಿ ಚೀಟಿ, ಡಾಕ್ಟರ ಬಿಲ್ಲು ಕೂಡ. ಕಣ್ಣೀರಿಗಿಂತ ರಸೀದಿ ಬೇಗ ಕೆಲಸ ಮಾಡುತ್ತದೆ.

ಕೆಲವರು ಜೀವನಾಂಶದ ಕೇಸು ಹಾಕಿ ಅಂತ ಸಲಹೆ ಕೊಡುತ್ತಾರೆ. ಹಿಂದಿನ ಸಿಆರ್‌ಪಿಸಿ 125, 2024ರ ಜುಲೈಯಿಂದ ಬಿಎನ್‌ಎಸ್‌ಎಸ್ 144. ಮಗು ಅದರಲ್ಲಿ ತನ್ನ ಹೆತ್ತವರನ್ನು ಕೇಳಬಹುದೇ ಹೊರತು ಚಿಕ್ಕಪ್ಪನನ್ನಲ್ಲ. ಬಾಪನೇ ಇಲ್ಲದ ಮೇಲೆ ಆ ದಾರಿಯಲ್ಲಿ ಹೋಗಿ ವರ್ಷ ಕಳೆಯಬೇಡಿ.

ಎದುರಿನವರು ಜಾಣರಾದರೆ ವಸಿಯ್ಯತ್ ಅನ್ನುವುದಿಲ್ಲ, ಹಿಬಾ ಅನ್ನುತ್ತಾರೆ. ಬದುಕಿರುವಾಗ ಕೊಟ್ಟ ದಾನಕ್ಕೆ ಮೂರನೇ ಒಂದರ ಮಿತಿ ಇಲ್ಲವಲ್ಲ! ಆದರೆ ಹಿಬಾ ಅಂದರೆ ಕೊಟ್ಟದ್ದು, ಸ್ವೀಕರಿಸಿದ್ದು ಮಾತ್ರ ಸಾಲದು, ಸ್ವಾಧೀನವೂ ಕೈ ಬದಲಾಗಿರಬೇಕು. ಕೊನೆ ತನಕ ಬಾಡಿಗೆ ತೀರಿಕೊಂಡವರ ಖಾತೆಗೇ ಬಂದಿದ್ದರೆ ಬ್ಯಾಂಕ್ ಪಾಸ್‌ಬುಕ್ಕೇ ಉತ್ತರ. ಮರಣಶಯ್ಯೆಯಲ್ಲಿ ಕೊಟ್ಟದ್ದಾದರೆ ಅದಕ್ಕೂ ಮೂರನೇ ಒಂದರ ಮಿತಿ ಬರುತ್ತದೆ.

ತೀರಾ ಕಷ್ಟದ್ದು ಬೇರೆ ಸನ್ನಿವೇಶ. ಬಾಪ ಮೊದಲೇ ತೀರಿಕೊಂಡು, ಅಜ್ಜ ಮೊಮ್ಮಗನಿಗೆ ಅಂತ ವಸಿಯ್ಯತ್ ಬರೆದು, ಅಜ್ಜನ ಗಂಡು ಮಕ್ಕಳು ಅದನ್ನೇ ಪ್ರಶ್ನಿಸಿದರೆ ಮಗುವಿಗೆ ವಾರಸು ಪಾಲು ಅನ್ನುವುದೇ ಇಲ್ಲ, ಇರುವುದು ಆ ಕಾಗದ ಒಂದೇ. ಅಂಥ ಕಾಗದವನ್ನು ಅಜ್ಜ ಬದುಕಿರುವಾಗಲೇ ನೋಂದಣಿ ಮಾಡಿಸಿಡುವುದು ಒಳ್ಳೆಯದು. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ಆದರೆ ಬಾಯಿಮಾತಿನ ವಸಿಯ್ಯತ್ ಸಾಬೀತುಪಡಿಸುವುದು ಯತೀಂ ಮಗುವಿನ ಕೈಲಾಗುವ ಕೆಲಸ ಅಲ್ಲ.

ಕೋರ್ಟಿನ ಹೊರಗೂ ಸ್ವಲ್ಪ ಹಣ ಇದೆ. ವಿಧವಾ ವೇತನಕ್ಕೆ, ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ ವಸಿಯ್ಯತ್ತಿನ ಕೇಸು ಅಡ್ಡಿಯಲ್ಲ. ವಾತ್ಸಲ್ಯದಲ್ಲಿ ಬಡ ವಿಧವೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಆದಾಯ ಮಿತಿಯೊಳಗಿದ್ದರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ವಕೀಲರಿಗೆ ಕೊಡಲು ಹಣ ಇಲ್ಲದವರು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಮರಣ ಪತ್ರ, ವಂಶವೃಕ್ಷ, ಮಕ್ಕಳ ಜನನ ಪತ್ರ, ನಿಕಾಹ್ ದಾಖಲೆ, ಪಹಣಿ ಅಥವಾ ಅಂಗಡಿಯ ಬಾಡಿಗೆ ಕರಾರು, ಆ ವಸಿಯ್ಯತ್ತಿನ ಒಂದು ನಕಲು ಜೊತೆಗಿರಲಿ. ನಕಲು ಕೊಡದಿದ್ದರೆ ಮೊಬೈಲಿನಲ್ಲಿ ತೆಗೆದ ಫೋಟೊ ಆದರೂ ಸದ್ಯಕ್ಕೆ ಸಾಕು.