ಅಣಬೆ ಮತ್ತು ಜಠರಾಗ್ನಿ

ಕಕ್ಕಡ ಮಾಸದ ಮಳೆ ಹಿಡಿಯಿತೆಂದರೆ ಮೂರ್ನಾಡಿನ ಸುತ್ತಲಿನ ತೋಟಗಳಲ್ಲಿ, ಬಿದಿರ ಮೆಳೆಗಳ ಬುಡದಲ್ಲಿ, ಗೆದ್ದಲಿನ ಹುತ್ತಗಳ ಮೇಲೆ ಅಣಬೆಗಳು ತಲೆಯೆತ್ತುತ್ತವೆ. ಕೊಡವರು ‘ಕುಮ್ಮ್’ ಎಂದು ಕರೆಯುವ ಈ ಅಣಬೆ ಇಲ್ಲಿಯ ಮಳೆಗಾಲದ ಪ್ರಿಯ ಆಹಾರ. ಈಚೆಗೆ ಅದು ಇನ್ನೊಂದು ರೂಪದಲ್ಲಿಯೂ ಮನೆಗಳಿಗೆ ಬರುತ್ತಿದೆ. ಆಮ್ಲಪಿತ್ತ, ಜಠರದ ಹುಣ್ಣು, ಗ್ರಹಣಿ, ಕ್ಯಾನ್ಸರ್ ಎಲ್ಲಕ್ಕೂ ಮದ್ದೆಂದು ಅಣಬೆಯ ಪುಡಿ, ಕ್ಯಾಪ್ಸೂಲುಗಳು ಮಾರಾಟವಾಗುತ್ತಿವೆ. ಇವನ್ನು ಸೇವಿಸಬಹುದೇ ಎಂದು ಕೇಳುವ ರೋಗಿಗಳು ಹೆಚ್ಚುತ್ತಿರುವುದರಿಂದ ಈ ವಿಚಾರ ಅಗತ್ಯವೆನಿಸಿದೆ.

ಸಂಹಿತೆಗಳ ನಿಲುವು

ಚರಕ ಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವು ಸರ್ಪಚ್ಛತ್ರಕವೆಂಬ ಜಾತಿಯನ್ನು ವರ್ಜ್ಯವೆಂದು ಬೇರ್ಪಡಿಸಿ, ಉಳಿದ ಅಣಬೆಗಳನ್ನು ಮಧುರ, ಶೀತ, ಗುರು ಹಾಗೂ ಪೀನಸಕಾರಕವೆಂದು ವರ್ಣಿಸುತ್ತದೆ. ಸುಶ್ರುತರು ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಎಂದು ಹುಟ್ಟುವ ಆಶ್ರಯಕ್ಕನುಗುಣವಾಗಿ ಅಣಬೆಗಳನ್ನು ವಿಂಗಡಿಸಿ, ಹುಲ್ಲಿನಲ್ಲಿ ಬೆಳೆದದ್ದನ್ನು ದೋಷಶಾಮಕವೆಂದಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವರ್ಷಾ ಋತುವಿನಲ್ಲಿ ಜಠರಾಗ್ನಿಯು ಮಂದವಾಗಿರುತ್ತದೆ. ಗುರುವಾದ ಅಣಬೆಯೂ ಅದೇ ಕಾಲದಲ್ಲಿ ದೊರೆಯುತ್ತದೆ. ಆದುದರಿಂದ ಕಾಳುಮೆಣಸು, ಶುಂಠಿ, ಜೀರಿಗೆಗಳೊಡನೆ ಚೆನ್ನಾಗಿ ಬೇಯಿಸಿ, ಮಧ್ಯಾಹ್ನದ ಊಟದಲ್ಲಿ ಮಿತವಾಗಿ ಬಳಸುವುದು ಯುಕ್ತ. ಅಜೀರ್ಣವಿರುವಾಗ ತ್ಯಜಿಸಬೇಕು.

ಆಧುನಿಕ ಸಂಶೋಧನೆ

ಅಣಬೆಯ ಕೋಶಭಿತ್ತಿಯಲ್ಲಿ ಕೈಟಿನ್ ಮತ್ತು ಬೀಟಾ ಗ್ಲೂಕಾನ್ ಎಂಬ ನಾರಿನಂಶಗಳಿವೆ. ಕೈಟಿನ್ ಸುಲಭವಾಗಿ ಜೀರ್ಣವಾಗದು. ಹಸಿ ಅಣಬೆ ಹೊಟ್ಟೆಯನ್ನು ಕೆರಳಿಸಲು ಇದೂ ಒಂದು ಕಾರಣ. ಬೀಟಾ ಗ್ಲೂಕಾನ್ ದೊಡ್ಡ ಕರುಳಿನ ಉಪಕಾರಿ ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತದೆ. ಬಟನ್ ಅಣಬೆಯಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಅಂಶವು ಹೆಚ್ಚಾಗಿರುವುದರಿಂದ ಗ್ರಹಣಿ ರೋಗಿಗಳಲ್ಲಿ ಹೊಟ್ಟೆಯುಬ್ಬರ, ಭೇದಿ ಉಂಟಾಗಬಹುದು. ಚಿಪ್ಪು ಅಣಬೆಯಲ್ಲಿ ಇದು ಕಡಿಮೆ. ಭತ್ತದ ಹುಲ್ಲಿನ ಮೇಲೆ ಬೆಳೆಸುವುದೂ ಇದನ್ನೇ.

ಜಪಾನಿನಲ್ಲಿ ಶಿಟಾಕೆ ಅಣಬೆಯಿಂದ ಬೇರ್ಪಡಿಸಿದ ಲೆಂಟಿನಾನ್ ಎಂಬ ದ್ರವ್ಯಕ್ಕೆ 1985ರಲ್ಲಿ ಜಠರದ ಕ್ಯಾನ್ಸರಿನ ಪೂರಕ ಚಿಕಿತ್ಸೆಯಾಗಿ ಮನ್ನಣೆ ದೊರೆಯಿತು. ಅದು ಶುದ್ಧೀಕರಿಸಿದ ಚುಚ್ಚುಮದ್ದು, ಕೀಮೋಥೆರಪಿಯ ಜೊತೆಗೆ ಕೊಡುವಂಥದು. ಡಬ್ಬಿಯಲ್ಲಿ ಬರುವ ಪುಡಿಗೆ ಆ ಮನ್ನಣೆಯನ್ನು ಅನ್ವಯಿಸಲಾಗದು. ಚೀನದಲ್ಲಿ ಜಠರದ ಉರಿಯೂತಕ್ಕೆ ಬಳಸುವ ಹೆರಿಸಿಯಮ್ ಅಣಬೆಯ ಸತ್ತ್ವವು ಪ್ರಯೋಗಾಲಯದಲ್ಲಿ ಹೆಲಿಕೋಬ್ಯಾಕ್ಟರ್ ರೋಗಾಣುವನ್ನು ತಡೆದಿದೆ. ಆದರೆ ಮನುಷ್ಯರ ಮೇಲಿನ ಪರೀಕ್ಷೆಗಳು ಅಲ್ಪ. ಆ ರೋಗಾಣುವಿನಿಂದಾದ ಹುಣ್ಣಿಗೆ ಇಂದಿಗೂ ನಂಬಬಹುದಾದ ಚಿಕಿತ್ಸೆ ಪ್ರತಿಜೀವಕಗಳೇ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ರೀಶಿ ಅಣಬೆಯ ಪುಡಿಯನ್ನು ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು.

ಕಾಡಿನ ಅಣಬೆ: ಎಚ್ಚರಿಕೆ

ಬೆಳ್ಳಿ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ ಅಣಬೆ ನಿರ್ವಿಷವೆಂಬ ನಂಬಿಕೆಗಳು ಆಧಾರರಹಿತ. ಅಮಾನಿಟ ಕುಲದ ಕೆಲವು ಅಣಬೆಗಳ ವಿಷವು ಬೇಯಿಸಿದರೂ ನಾಶವಾಗದು. ತಿಂದು 6ರಿಂದ 12 ಗಂಟೆಗಳು, ಕೆಲವೊಮ್ಮೆ ಇನ್ನೂ ತಡವಾಗಿ ವಾಂತಿಭೇದಿ ಆರಂಭವಾಗುತ್ತದೆ. ಮರುದಿನ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಆ ವೇಳೆಗೆ ಯಕೃತ್ತು ಹಾಳಾಗುತ್ತಿರುತ್ತದೆ. ವಾಂತಿ ನಿಂತಿತೆಂದು ಮನೆಯಲ್ಲಿ ಕುಳಿತುಕೊಳ್ಳದೆ, ತಿಂದ ಅಣಬೆಯ ಉಳಿಕೆಯೊಡನೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಿರಿಯರು ಖಚಿತವಾಗಿ ಗುರುತಿಸಲಾರದ ಅಣಬೆಯನ್ನು ಕೀಳದಿರುವುದೇ ಲೇಸು. ಮನೆಯಲ್ಲಿಯೇ ಬೆಳೆಯಬಯಸುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಹಾಗೂ ತರಬೇತಿ ದೊರೆಯುತ್ತವೆ.

ತಡಮಾಡಬಾರದ ಲಕ್ಷಣಗಳು

ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಯಾವುದೊಂದು ಕಂಡರೂ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು. ಪುಡಿಯನ್ನು ನಂಬಿ ಕಳೆದ ಮೂರು ತಿಂಗಳು ಗುಣವಾಗಬಹುದಾಗಿದ್ದ ರೋಗವನ್ನು ಕೈಮೀರಿಸಬಲ್ಲವು.

ಉಣ್ಣುವ ಅನ್ನವನ್ನು ಪ್ರಸಾದವೆಂದು ಭಾವಿಸುವ ಪರಂಪರೆ ನಮ್ಮದು. ಬೇಯಿಸಿದ ಅಣಬೆಯನ್ನು ಹಿತಮಿತವಾಗಿ ಆಹಾರವೆಂದು ಸ್ವೀಕರಿಸೋಣ. ರೋಗಕ್ಕೆ ಮಾತ್ರ ಮೊದಲು ನಿದಾನ, ಅನಂತರ ಔಷಧ.