ಹೊಸ ದುಂಬಿಗೆ ಹೆಸರಿಡುವುದೇಕೆ?

ಗಿಡದಲ್ಲಿ ತೂತು ಕಂಡ ಕೂಡಲೇ ರೈತರು ಕೇಳುವುದು "ಇದಕ್ಕೇನು ಮದ್ದು?" ಎಂದು. ಕೀಟಶಾಸ್ತ್ರಜ್ಞರು ಕೇಳುವುದು "ಇದು ಯಾವ ಹುಳು?" ಎಂದು. ಎರಡನೆಯದಕ್ಕೆ ಉತ್ತರ ಸಿಕ್ಕದೆ ಮೊದಲನೆಯದಕ್ಕೆ ಸರಿಯಾದ ಉತ್ತರ ದೊರೆಯದು. ಯೂವಾಲೇಸಿಯ ಎಂಬ ಉಷ್ಣವಲಯದ ದುಂಬಿಗಳು ಇದಕ್ಕೆ ನಿದರ್ಶನ.

ಕೀಟದ ಸ್ವಭಾವ

ಇದು ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಉದ್ದ ಸುಮಾರು 2 ಮಿಲಿಮೀಟರ್. ಹೆಣ್ಣು ದುಂಬಿ ಮರವನ್ನು ಕೊರೆದು ಸುರಂಗ ಮಾಡುತ್ತದೆ. ತನ್ನ ಬಾಯಿಯ ಚೀಲದಲ್ಲಿ ತಂದ ಶಿಲೀಂಧ್ರವನ್ನು ಅದರಲ್ಲಿ ಬೆಳೆಸುತ್ತದೆ. ದುಂಬಿಗೂ ಮರಿಹುಳುಗಳಿಗೂ ಈ ಶಿಲೀಂಧ್ರವೇ ಆಹಾರ, ಮರವಲ್ಲ. ಶಿಲೀಂಧ್ರವು ನೀರು ಸಾಗಿಸುವ ನಾಳಗಳನ್ನು ಕಟ್ಟುವುದರಿಂದ ರೆಂಬೆಗಳು ಒಣಗುತ್ತವೆ. ನಮ್ಮ ರೊಬಸ್ಟ ಕಾಫಿಯ ರೆಂಬೆ ಕೊರೆಯುವ ಕಪ್ಪು ದುಂಬಿಯೂ ಹೀಗೆಯೇ ಬದುಕುತ್ತದೆ. ಆದರೆ ಅದು ಕ್ಸೈಲೋಸ್ಯಾಂಡ್ರಸ್ ಕಂಪ್ಯಾಕ್ಟಸ್ ಎಂಬ ಬೇರೆ ಕೀಟ.

ಒಂದೇ ಹೆಸರು, ನಾಲ್ಕು ದುಂಬಿ

1868ರಲ್ಲಿ ಐಕ್‌ಹಾಫ್ ಎಂಬ ವಿಜ್ಞಾನಿ ಶ್ರೀಲಂಕಾದ ದುಂಬಿಯೊಂದನ್ನು ವಿವರಿಸಿ 'ಫೋರ್ನಿಕೇಟಸ್' ಎಂದು ಹೆಸರಿಟ್ಟರು. ಮುಂದೆ ಚಹಾ ಗಿಡ ಕೊರೆಯುವ ದುಂಬಿಗೆ ಈ ಹೆಸರೇ ಬಳಕೆಗೆ ಬಂತು. 2003ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥದೇ ದುಂಬಿ ಸಿಕ್ಕಾಗ ಅದನ್ನೂ ಚಹಾ ದುಂಬಿಯೆಂದೇ ಗುರುತಿಸಲಾಯಿತು. 2009ರಲ್ಲಿ ಇಸ್ರೇಲಿನಲ್ಲೂ 2012ರಲ್ಲಿ ಕ್ಯಾಲಿಫೋರ್ನಿಯದಲ್ಲೂ ಬೆಣ್ಣೆಹಣ್ಣಿನ ಮರಗಳಲ್ಲಿ ಇದರ ಹಾವಳಿ ಕಂಡುಬಂತು.

ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಡಿ.ಎನ್.ಎ. ಪರೀಕ್ಷೆಯಲ್ಲಿ ಇವು ಬೇರೆ ಬೇರೆ ಎಂದು ತಿಳಿಯಿತು. 2018ರಲ್ಲಿ ಒಂದನ್ನು ಹೊಸ ಪ್ರಭೇದವೆಂದು ವಿವರಿಸಿ, ಜಪಾನ್ ಬಳಿಯ ಸಮುದ್ರ ಪ್ರವಾಹದ ಹೆಸರಿನಿಂದ 'ಕುರೋಶಿಯೊ' ಎಂದು ಕರೆದರು. 2019ರಲ್ಲಿ ಹಳೆಯ ಮಾದರಿ ಕೀಟಗಳನ್ನು ಮತ್ತೆ ಅಳೆದು ನೋಡಿ, ಗುಂಪಿನಲ್ಲಿ ನಾಲ್ಕು ಪ್ರಭೇದಗಳಿವೆಯೆಂದು ನಿರ್ಧರಿಸಲಾಯಿತು. 'ಫೋರ್ನಿಕೇಟಸ್' ಎಂಬ ಹೆಸರು ಸಲ್ಲಬೇಕಾದದ್ದು ಹಲವು ಬಗೆಯ ಮರಗಳನ್ನು ಹಾಳುಮಾಡುವ ದುಂಬಿಗೆ ಎಂಬುದೂ ಆಗ ಗೊತ್ತಾಯಿತು. ನೂರೈವತ್ತು ವರ್ಷದ ಹಿಂದಿನ ಮಾದರಿಯನ್ನು ಜೋಪಾನ ಮಾಡಿದ್ದರಿಂದಲೇ ಇದು ಸಾಧ್ಯವಾಯಿತು.

ಪ್ರಯೋಜನವೇನು?

ಪ್ರತಿ ಪ್ರಭೇದದ ತವರು, ಆಶ್ರಯ ಮರ ಮತ್ತು ಶಿಲೀಂಧ್ರ ಒಂದೇ ಅಲ್ಲ. ದುಂಬಿಯ ಶತ್ರುಕೀಟಗಳನ್ನು ಹುಡುಕಬೇಕಾದರೆ ಅದರ ತವರಿನಲ್ಲೇ ಹುಡುಕಬೇಕು. ಒಂದು ದುಂಬಿಯ ಮೇಲೆ ಕಂಡುಕೊಂಡ ಹತೋಟಿ ಕ್ರಮ ಇನ್ನೊಂದಕ್ಕೆ ಫಲಿಸುತ್ತದೆಂಬ ಭರವಸೆಯಿಲ್ಲ.

ರೈತರು ಮಾಡಬೇಕಾದುದು

1. ಪರಿಚಯವಿಲ್ಲದ ದುಂಬಿ ಕಂಡರೆ ಹೊಸಕಿ ಎಸೆಯದೆ, ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿಡಿ.

2. ಊರು, ದಿನಾಂಕ, ಗಿಡದ ಹೆಸರು ಮತ್ತು ಕೊರೆದ ಭಾಗವನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಸೀಸೆಯೊಳಗೇ ಇಡಿ. ಶಾಯಿ ಸ್ಪಿರಿಟ್‌ನಲ್ಲಿ ಅಳಿಸಿಹೋಗುತ್ತದೆ.

3. ತೂತು ಬಿದ್ದ ರೆಂಬೆಯ ತುಂಡಿನೊಡನೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ತುಂಡನ್ನು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಒಯ್ಯಿರಿ.

4. ಹುಳು ಬಿದ್ದ ಸೌದೆಯನ್ನು ಬೇರೆ ತೋಟಕ್ಕೆ ಸಾಗಿಸಬೇಡಿ. ರೊಬಸ್ಟ ಕಾಫಿಯಲ್ಲಾದರೆ, ತೂತಿನಿಂದ ಎರಡು ಮೂರು ಅಂಗುಲ ಕೆಳಕ್ಕೆ ರೆಂಬೆ ಕತ್ತರಿಸಿ ಸುಡಿ.

ಹೆಸರು ತಿಳಿಯುವ ಮುನ್ನ ಔಷಧಿಗೆ ಹಣ ಸುರಿಯಬೇಡಿ. ಸುರಂಗದೊಳಗಿರುವ ದುಂಬಿಗೆ ಮೇಲಿನ ಸಿಂಪರಣೆ ಸುಲಭವಾಗಿ ತಾಗುವುದಿಲ್ಲ.